ಬ್ಯಾಕ್ಟೀರಿಯೋಫೇಜ್‌ಗಳ ಲಗ್ಗೆ ಮತ್ತು ಕಿಣ್ವಗಳ ಪಾತ್ರ

ಗಂಗಾ ಮತ್ತು ಯಮುನಾ ನದಿಗಳ ನೀರಿನಲ್ಲಿ ಕಾಲರಾ ರೋಗಾಣುಗಳು ಬೇಗನೆ ನಾಶವಾಗುತ್ತವೆಂದೂ, ಅದೇ ನೀರನ್ನು ಕುದಿಸಿದರೆ ಆ ಗುಣ ಉಳಿಯುವುದಿಲ್ಲವೆಂದೂ ಅರ್ನೆಸ್ಟ್ ಹ್ಯಾಂಕಿನ್ ಅವರು 1896ರಲ್ಲಿ ಪ್ರಕಟಿಸಿದರು. ಅದಕ್ಕೆ ಕಾರಣ ಫೇಜ್‌ಗಳೇ ಎಂದು ಖಚಿತವಾಗಿ ಹೇಳಲಾಗದು; ಆದರೂ ಈ ವಿಷಯದ ಚರಿತ್ರೆಯನ್ನು ಅಲ್ಲಿಂದ ಆರಂಭಿಸುವುದು ವಾಡಿಕೆ. 1915ರಲ್ಲಿ ಲಂಡನ್ನಿನ ಫ್ರೆಡರಿಕ್ ಟ್ವಾರ್ಟ್, 1917ರಲ್ಲಿ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯ ಫೆಲಿಕ್ಸ್ ದೆರೆಲ್ ಅವರು ಬ್ಯಾಕ್ಟೀರಿಯಾಗಳನ್ನು ಕರಗಿಸಿಬಿಡುವ ಅದೃಶ್ಯ ಶಕ್ತಿಯೊಂದನ್ನು ಗುರುತಿಸಿದರು. ದೆರೆಲ್ ಅದನ್ನು 'ಬ್ಯಾಕ್ಟೀರಿಯೋಫೇಜ್' ಎಂದು ಕರೆದರು.

'ತಿನ್ನು' ಎಂಬರ್ಥದ ಗ್ರೀಕ್ ಧಾತುವಿನಿಂದ ಈ ಹೆಸರು ಬಂದಿದೆ. ಕನ್ನಡದಲ್ಲಿ ಇದನ್ನು 'ಬ್ಯಾಕ್ಟೀರಿಯಾಭಕ್ಷಕ' ಎನ್ನಬಹುದು. ಆದರೆ ಹೆಸರು ಸೂಚಿಸುವ ಕ್ರಿಯೆ ಇಲ್ಲಿ ನಡೆಯುವುದೇ ಇಲ್ಲ. ಫೇಜ್ ಒಂದು ವೈರಸ್; ಪ್ರೋಟೀನಿನ ಕವಚದೊಳಗೆ ಅಡಗಿದ ನ್ಯೂಕ್ಲಿಯಿಕ್ ಆಮ್ಲ. ಅದಕ್ಕೆ ಬಾಯಿಯೂ ಇಲ್ಲ, ಹೊಟ್ಟೆಯೂ ಇಲ್ಲ. ಅದರ ಕಾರ್ಯವನ್ನು ಊಟಕ್ಕಿಂತ ಕೋಟೆಗೆ ಹಾಕುವ ಲಗ್ಗೆಗೆ ಹೋಲಿಸುವುದೇ ಹೆಚ್ಚು ಉಚಿತ.

ಇ. ಕೋಲಿ ಎಂಬ ಬ್ಯಾಕ್ಟೀರಿಯಾವನ್ನು ಮುತ್ತುವ ಟಿ4 ಫೇಜನ್ನು ಉದಾಹರಣೆಯಾಗಿ ನೋಡೋಣ. ಇದರ ಬಾಲದ ತುದಿಯಲ್ಲಿ ಆರು ನೀಳವಾದ ಎಳೆಗಳಿವೆ. ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರುವ ನಿರ್ದಿಷ್ಟ ಅಣುಗಳನ್ನು ಈ ಎಳೆಗಳು ಗುರುತಿಸಿ ಹಿಡಿಯುತ್ತವೆ. ಬಳಿಕ ಗಿಡ್ಡ ಎಳೆಗಳು ಹೊರಚಾಚಿ ಹಿಡಿತವನ್ನು ಭದ್ರಪಡಿಸುತ್ತವೆ. ಆಗ ಬಾಲದ ಹೊರಕೊಳವೆ ಕುಗ್ಗುತ್ತದೆ. ಒಳಕೊಳವೆ ಈಟಿಯಂತೆ ಹೊರಪೊರೆಯನ್ನು ಚುಚ್ಚುತ್ತದೆ. ಅದರ ಮುಂದಿರುವ ತಡೆ ಪೆಪ್ಟಿಡೋಗ್ಲೈಕಾನ್ ಎಂಬ ಗಟ್ಟಿಯಾದ ಬಲೆ. ಕೊಳವೆಯ ತುದಿಯಲ್ಲಿರುವ ಲೈಸೋಜೈಮ್ ಎಂಬ ಕಿಣ್ವ ಆ ಬಲೆಯನ್ನು ಅಷ್ಟೇ ಜಾಗದಲ್ಲಿ ಕತ್ತರಿಸಿ ದಾರಿಮಾಡುತ್ತದೆ. ಸುಮಾರು 1,69,000 ಜೋಡಿ ಬೇಸ್‌ಗಳಷ್ಟು ಉದ್ದದ ಡಿಎನ್ಎ ಒಳಸೇರುತ್ತದೆ. ಕವಚ ಹೊರಗೇ ಉಳಿಯುತ್ತದೆ. ಇದರ ಸೋದರ ಫೇಜಾದ ಟಿ2ರ ಮೇಲೆ 1952ರಲ್ಲಿ ಹರ್ಷೆ ಮತ್ತು ಚೇಸ್ ನಡೆಸಿದ ಪ್ರಯೋಗ, ಆನುವಂಶಿಕ ದ್ರವ್ಯ ಡಿಎನ್ಎಯೇ ಎಂಬುದಕ್ಕೆ ಪ್ರಬಲ ಆಧಾರವಾಯಿತು.

ಕೆಲವು ಬ್ಯಾಕ್ಟೀರಿಯಾಗಳು ಸಕ್ಕರೆಯ ಸರಪಣಿಗಳಿಂದಾದ ದಪ್ಪ ಹೊದಿಕೆಯನ್ನು ಹೊದ್ದಿರುತ್ತವೆ. ಇವನ್ನು ಮುತ್ತುವ ಫೇಜ್‌ಗಳಲ್ಲಿ ಅಂಟಿಕೊಳ್ಳುವ ಅಂಗವೇ ಕಿಣ್ವವೂ ಆಗಿರುತ್ತದೆ. ಸಾಲ್ಮೊನೆಲ್ಲಾವನ್ನು ಮುತ್ತುವ ಪಿ22 ಫೇಜಿನ ಬಾಲದ ಮುಳ್ಳು ಅದರ ಮೇಲ್ಮೈಯ ಸಕ್ಕರೆ ಸರಪಣಿಯನ್ನು ಹಿಡಿಯುತ್ತದೆ, ಕತ್ತರಿಸುತ್ತದೆ, ಹಾಗೆಯೇ ಪೊರೆಯ ಸಮೀಪಕ್ಕೆ ಸರಿಯುತ್ತದೆ. ಇಂತಹ ಕಿಣ್ವ ತನಗೆ ಒಗ್ಗುವ ಸರಪಣಿಯನ್ನಲ್ಲದೆ ಬೇರೊಂದನ್ನು ಕತ್ತರಿಸಲಾರದು. ಒಂದು ಫೇಜ್ ಕೆಲವೇ ಬಗೆಯ ಬ್ಯಾಕ್ಟೀರಿಯಾಗಳಿಗೆ ಮಾತ್ರ ಮಾರಕವಾಗುವುದಕ್ಕೆ ಇದೂ ಒಂದು ಕಾರಣ.

ಒಳಹೊಕ್ಕಂತೆ ಹೊರಬರುವುದಕ್ಕೂ ಕಿಣ್ವವೇ ಬೇಕು. ಅನುಕೂಲ ಸನ್ನಿವೇಶದಲ್ಲಿ ಸುಮಾರು ಅರ್ಧ ಗಂಟೆಯೊಳಗೆ ನೂರಕ್ಕೂ ಮಿಕ್ಕಿ ಹೊಸ ಟಿ4 ಫೇಜ್‌ಗಳು ಸಿದ್ಧವಾಗುತ್ತವೆ. ಹೋಲಿನ್ ಎಂಬ ಪ್ರೋಟೀನು ಒಳಪೊರೆಯಲ್ಲಿ ರಂಧ್ರ ಕೊರೆಯುತ್ತದೆ, ಎಂಡೋಲೈಸಿನ್ ಎಂಬ ಕಿಣ್ವ ಆ ಮೂಲಕ ಸಾಗಿ ಪೆಪ್ಟಿಡೋಗ್ಲೈಕಾನನ್ನು ಕಡಿಯುತ್ತದೆ, ಬ್ಯಾಕ್ಟೀರಿಯಾ ಒಡೆಯುತ್ತದೆ. ಮನುಷ್ಯನ ಜೀವಕೋಶಗಳಿಗೆ ಈ ಬಗೆಯ ಗೋಡೆಯಿಲ್ಲ ಎಂಬುದು ಗಮನಾರ್ಹ.

ಆಂಟಿಬಯೋಟಿಕ್‌ಗಳಿಗೆ ಬಗ್ಗದ ರೋಗಾಣುಗಳು ಹೆಚ್ಚುತ್ತಿರುವ ಇಂದು ಈ ತಿಳಿವಳಿಕೆ ಕೇವಲ ಕುತೂಹಲದ್ದಲ್ಲ. ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿ 1923ರಲ್ಲಿ ಸ್ಥಾಪನೆಯಾದ ಸಂಸ್ಥೆ ಫೇಜ್ ಚಿಕಿತ್ಸೆಯ ಪರಂಪರೆಯನ್ನು ಬಿಡದೆ ಉಳಿಸಿಕೊಂಡು ಬಂದಿದೆ. ಈಗ ಇತರ ದೇಶಗಳೂ ಅತ್ತ ನೋಡುತ್ತಿವೆ. ಆದರೆ ಬ್ಯಾಕ್ಟೀರಿಯಾ ಸುಮ್ಮನಿರುವುದಿಲ್ಲ. ಫೇಜ್ ಹಿಡಿಯುವ ಅಣುವನ್ನು ಅದು ಬದಲಿಸಬಲ್ಲದು, ಕೈಬಿಡಲೂಬಲ್ಲದು. ಆದುದರಿಂದಲೇ ವೈದ್ಯರು ಹಲವು ಫೇಜ್‌ಗಳ ಮಿಶ್ರಣವನ್ನು ಬಳಸಲೆತ್ನಿಸುತ್ತಾರೆ. ರೋಗಿಯ ದೇಹದಲ್ಲಿರುವ ಬ್ಯಾಕ್ಟೀರಿಯಾ ಯಾವುದೆಂದು ಮೊದಲು ಖಚಿತವಾಗಿ ಅರಿಯದೆ ಈ ಚಿಕಿತ್ಸೆ ಫಲಿಸುವುದು ಕಷ್ಟ.

'ಭಕ್ಷಕ' ಎಂಬ ಹೆಸರು ರೂಢಿಯಲ್ಲಿ ಉಳಿದರೆ ಆಕ್ಷೇಪವಿಲ್ಲ. ಆದರೆ ತಕ್ಕ ಬೀಗಕ್ಕೆ ತಕ್ಕ ಕೀಲಿಯನ್ನು ಹುಡುಕುವ ಈ ಸೂಕ್ಷ್ಮ ವ್ಯಾಪಾರ ಆ ಹೆಸರಿನ ಹಿಂದೆ ಮರೆಯಾಗಬಾರದು.