ಗಾಳಿಯ ಮೇಲೆ ಕುಳಿತ ಕಾರು

ಸಂಜೆ ಮನೆಯ ಮುಂದೆ ನೆಟ್ಟಗೆ ನಿಲ್ಲಿಸಿದ ಭಾರಿ ಕಾರು ಬೆಳಗಾಗುವಷ್ಟರಲ್ಲಿ ಮೊಣಕಾಲೂರಿದ ಒಂಟೆಯಂತೆ ನೆಲಕ್ಕೆ ಕುಸಿದು ಕುಳಿತಿರುತ್ತದೆ. ಟೈರುಗಳಲ್ಲಿ ಗಾಳಿ ತುಂಬಿಯೇ ಇದೆ. ಆದರೂ ಅರ್ಧ ಟೈರು ಕಾರಿನ ಮೈಯೊಳಗೆ ಅಡಗಿಹೋಗಿದೆ. ಯಜಮಾನರು ಕೀಲಿ ತಿರುಗಿಸಿದರೆ ಎಲ್ಲಿಂದಲೋ ಗೊರಗೊರ ಎಂಬ ಸದ್ದು ಕೇಳಿಬಂದು, ಕಾರು ಮೆಲ್ಲಮೆಲ್ಲಗೆ ಮೇಲೇಳುತ್ತದೆ. ಎದ್ದಿತಲ್ಲ ಎಂಬ ಸಮಾಧಾನದಲ್ಲಿ ಅವರು ಕಚೇರಿಗೆ ಹೊರಡುತ್ತಾರೆ. ಹೀಗೆಯೇ ಕೆಲವು ವಾರಗಳು ಕಳೆಯುತ್ತವೆ. ಆಮೇಲೆ ಒಂದು ದಿನ ಕಾರು ಏಳುವುದೇ ಇಲ್ಲ.

ಹಳೆಯ ಐಷಾರಾಮಿ ಕಾರನ್ನು ಅಗ್ಗದ ಬೆಲೆಗೆ ಕೊಂಡ ಅನೇಕ ಸಂಸಾರಗಳಿಗೆ ಈ ಅನುಭವ ಹೊಸದಲ್ಲ. ಹೊಸದಾಗಿದ್ದಾಗ ಶ್ರೀಮಂತರಿಗೆ ಮಾತ್ರ ಎಟುಕುತ್ತಿದ್ದ ವಾಹನ ಹತ್ತು ಹನ್ನೆರಡು ವರ್ಷಗಳ ಬಳಿಕ ಮಧ್ಯಮ ವರ್ಗದವರ ಕೈಗೂ ಎಟುಕುವ ಬೆಲೆಗೆ ಇಳಿಯುತ್ತದೆ. ಇಳಿಯದಿರುವುದು ಅದರ ರಿಪೇರಿಯ ಬೆಲೆ. ಈ ಕಾರುಗಳ ಚಕ್ರಗಳ ಮೇಲೆ ಉಕ್ಕಿನ ಸ್ಪ್ರಿಂಗುಗಳಿಲ್ಲ. ಗಾಳಿ ತುಂಬಿದ ರಬ್ಬರಿನ ಚೀಲಗಳಿವೆ. ಇದಕ್ಕೆ ‘ಏರ್ ಸಸ್ಪೆನ್ಷನ್’ ಎಂದು ಹೆಸರು. ಇದರ ರೋಗಲಕ್ಷಣಗಳನ್ನು ಅರಿತವರು ಹಣವನ್ನು ಉಳಿಸಿಕೊಳ್ಳಬಹುದು. ಕೆಲವು ವೇಳೆ ಪ್ರಾಣವನ್ನೂ ಉಳಿಸಿಕೊಳ್ಳಬಹುದು.

ಗಾಳಿಯೇ ಏಕೆ?

ಕಮ್ಮಾರನ ಕುಲುಮೆಯ ಬಳಿಯಲ್ಲಿ ತಿದಿಯನ್ನು ಕಂಡವರಿಗೆ ಈ ಯಂತ್ರವನ್ನು ವಿವರಿಸುವುದು ಸುಲಭ. ತಿದಿಯ ಬಾಯನ್ನು ಮುಚ್ಚಿ ಅದರ ಮೇಲೆ ಕುಳಿತರೆ ಒಳಗಿನ ಗಾಳಿ ಅಮುಕಿಕೊಂಡು, ನಮ್ಮ ಭಾರವನ್ನು ಹೊತ್ತು, ಮತ್ತೆ ಮೇಲಕ್ಕೆ ಒತ್ತುತ್ತದೆ. ಗಾಳಿಯ ಗಾತ್ರ ಕಡಿಮೆಯಾದಂತೆ ಅದರ ಒತ್ತಡ ಹೆಚ್ಚುವುದೆಂಬ ಬಾಯ್ಲನ ನಿಯಮವನ್ನು ಹೈಸ್ಕೂಲಿನ ಹುಡುಗರೂ ಬಲ್ಲರು. ಕಾರಿನ ನಾಲ್ಕು ಮೂಲೆಗಳಲ್ಲಿ ಇರುವುದು ಇಂತಹ ನಾಲ್ಕು ತಿದಿಗಳೇ.

ಉಕ್ಕಿನ ಸ್ಪ್ರಿಂಗಿಗೆ ಒಂದು ಮಿತಿಯುಂಟು. ಅದರ ಬಿಗಿಯನ್ನು ಕಾರ್ಖಾನೆಯಲ್ಲಿ ಒಮ್ಮೆ ನಿಶ್ಚಯಿಸಿದರೆ ಮುಗಿಯಿತು. ಎಂಟು ಜನ ಕುಳಿತಾಗ ತಾಳಿಕೊಳ್ಳುವಷ್ಟು ಬಿಗಿಯಾಗಿದ್ದರೆ, ಒಬ್ಬನೇ ಕುಳಿತಾಗ ಜಟಕಾ ಬಂಡಿಯಂತೆ ಕುಕ್ಕುತ್ತದೆ. ಗಾಳಿಯ ತಿದಿಯಾದರೋ ಹೊರೆ ಹೆಚ್ಚಿದಂತೆ ಇನ್ನಷ್ಟು ಗಾಳಿಯನ್ನು ತುಂಬಿಸಿಕೊಂಡು ಬಿಗಿಯಾಗುತ್ತದೆ. ಹೊರೆ ಇಳಿದರೆ ಗಾಳಿಯನ್ನು ಹೊರಬಿಟ್ಟು ಮೆತ್ತಗಾಗುತ್ತದೆ. ಕಾರಿನ ಎತ್ತರ ಬದಲಾಗುವುದಿಲ್ಲ. ತೂಗಾಟದ ಲಯವೂ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ಸೆಕೆಂಡಿಗೆ ಒಂದರಿಂದ ಒಂದೂವರೆ ತೂಗು ನಮ್ಮ ದೇಹಕ್ಕೆ ಹಿತವೆಂದು ವಾಹನಶಿಲ್ಪಿಗಳು ಕಂಡುಕೊಂಡಿದ್ದಾರೆ. ಆ ಹಿತವನ್ನು ಖಾಲಿ ಕಾರಿನಲ್ಲಿಯೂ ತುಂಬಿದ ಕಾರಿನಲ್ಲಿಯೂ ಒಂದೇ ಸಮನಾಗಿ ಕಾಪಾಡುವುದೇ ಗಾಳಿಯ ಹಿರಿಮೆ.

ಬೆಂಗಳೂರಿನ ಓದುಗರು ಇದನ್ನು ಅರಿಯದೆಯೇ ಅನುಭವಿಸಿದ್ದಾರೆ. ಬೆಂಗಳೂರಿಗೆ ಸಮೀಪದ ಹೊಸಕೋಟೆಯಲ್ಲಿ ತಯಾರಾದ ವೋಲ್ವೋ ಬಸ್ಸುಗಳು ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ರಸ್ತೆಗಳಿಗೆ ಬಂದಾಗ, ಕುಲುಕಾಟವಿಲ್ಲದ ಆ ಪ್ರಯಾಣವನ್ನು ಜನರು ಬೆರಗಿನಿಂದ ಕೊಂಡಾಡಿದರು. ಆ ಬಸ್ಸುಗಳು ತೇಲಿದಂತೆ ಸಾಗುತ್ತಿದ್ದುದು ಗಾಳಿಯ ತಿದಿಗಳ ಮೇಲೆಯೇ. ನಗರದೊಳಗಿನ ತಗ್ಗು ನೆಲದ ಬಸ್ಸು ನಿಲ್ದಾಣದಲ್ಲಿ ‘ಉಸ್’ ಎಂದು ನಿಟ್ಟುಸಿರು ಬಿಟ್ಟು ಒಂದು ಮಗ್ಗುಲಿಗೆ ಬಾಗುವುದೂ ಈ ತಿದಿಗಳಿಂದ ಗಾಳಿಯನ್ನು ಬಿಡುವುದರಿಂದಲೇ.

ಸೋಲು ಮತ್ತು ಗೆಲವು

ಈ ಯಂತ್ರದ ಚರಿತ್ರೆಯಲ್ಲಿ ಮೊದಲಿನಿಂದಲೂ ಸೋರಿಕೆಯ ಕಥೆಯುಂಟು. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು 1957ರಲ್ಲಿ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೂಮ್ ಎಂಬ ದುಬಾರಿ ಕಾರಿಗೆ ಗಾಳಿಯ ಸ್ಪ್ರಿಂಗುಗಳನ್ನು ಜೋಡಿಸಿತು; ಮರುವರ್ಷ ಷೆವ್ರೊಲೆ ಮೊದಲಾದ ತನ್ನ ಸಾಮಾನ್ಯ ಕಾರುಗಳಿಗೂ ಬೇಕಾದವರಿಗೆ ಇದನ್ನು ಒದಗಿಸಿತು. ಆದರೆ ಗಾಳಿ ಸೋರತೊಡಗಿತು. ಬೇಸತ್ತ ಅನೇಕ ಮಾಲೀಕರು ಅದನ್ನು ಕಿತ್ತು ಉಕ್ಕಿನ ಸುರುಳಿಗಳನ್ನೇ ಹಾಕಿಸಿಕೊಂಡರು. ಯೂರೋಪಿನಲ್ಲಿ 1955ರ ಸಿಟ್ರೊಯೆನ್ ಡಿಎಸ್ ಕಾರು ಎಣ್ಣೆ ಮತ್ತು ಸಾರಜನಕ ಅನಿಲಗಳನ್ನು ಕೂಡಿಸಿದ ಬೇರೊಂದು ಹಾದಿಯನ್ನು ಹಿಡಿದಿತ್ತು.

1980ರ ದಶಕದಲ್ಲಿ ವಿದ್ಯುನ್ಮಾನ ಯಂತ್ರಗಳು ಅಗ್ಗವಾದ ಮೇಲೆ ಗಾಳಿಯ ಸ್ಪ್ರಿಂಗು ಕಾರಿಗೆ ಮರಳಿತು. 1984ರ ಮಾದರಿಯ ಲಿಂಕನ್ ಮಾರ್ಕ್ 7 ಕಾರಿನಲ್ಲಿ ಅದರ ನಿಯಂತ್ರಣ ವಿದ್ಯುನ್ಮಾನ ಸಾಧನದ ಕೈಗೆ ಹೋಯಿತು. 1990ರ ದಶಕದ ಆದಿಯಲ್ಲಿ ಬ್ರಿಟನ್ನಿನ ರೇಂಜ್ ರೋವರ್ ಕೂಡ ಗಾಳಿಯ ತಿದಿಗಳನ್ನು ತೊಟ್ಟಿತು. 1994ರಲ್ಲಿ ಹೊರಬಂದ ಅದರ ಎರಡನೆಯ ಪೀಳಿಗೆಯ ಕಾರು ಈ ವಿದ್ಯೆಯ ಗುಣದೋಷಗಳೆರಡಕ್ಕೂ ಒಳ್ಳೆಯ ಉದಾಹರಣೆ. ಆದುದರಿಂದ ಅದನ್ನೇ ಮುಂದಿಟ್ಟುಕೊಂಡು ನೋಡೋಣ.

ಅಂಗಾಂಗಗಳ ಪರಿಚಯ

ಮುಂಭಾಗದ ಮುಚ್ಚಳದ ಕೆಳಗೆ ವಿದ್ಯುತ್ತಿನಿಂದ ನಡೆಯುವ ಪುಟ್ಟ ಪಂಪು ಇದೆ. ಇದು ಹೊರಗಿನ ಗಾಳಿಯನ್ನು ಎಳೆದುಕೊಂಡು ಅಮುಕುತ್ತದೆ. ಆ ಗಾಳಿ ತೇವ ಹೀರುವ ಕಾಳುಗಳಿರುವ ಡಬ್ಬಿಯ ಮೂಲಕ ಹಾದು ಒಣಗುತ್ತದೆ. ಔಷಧಿಯ ಸೀಸೆಯೊಳಗೆ ಪುಟ್ಟ ಪೊಟ್ಟಣದಲ್ಲಿ ಇಡುವ ಸಿಲಿಕಾ ಜೆಲ್ಲಿನ ಜಾತಿಯ ಕಾಳುಗಳೇ ಇವು. ಒಣಗಿದ ಗಾಳಿ ಒಂದು ಉಗ್ರಾಣದ ತೊಟ್ಟಿಯಲ್ಲಿ ಸಂಗ್ರಹವಾಗುತ್ತದೆ. ಅಲ್ಲಿನ ಒತ್ತಡ ಸುಮಾರು 10 ಬಾರ್, ಎಂದರೆ ಸಾಮಾನ್ಯ ಕಾರಿನ ಟೈರಿನಲ್ಲಿರುವುದರ ನಾಲ್ಕು ಪಟ್ಟಿಗೂ ಹೆಚ್ಚು. ತೊಟ್ಟಿಯಿಂದ ನಾಲ್ಕು ತಿದಿಗಳಿಗೆ ಗಾಳಿಯನ್ನು ಹಂಚುವುದು ವಾಲ್ವುಗಳ ಒಂದು ಗಟ್ಟಿ. ಪ್ರತಿಯೊಂದು ಚಕ್ರದ ಬಳಿಯೂ ಎತ್ತರವನ್ನು ಅಳೆಯುವ ಸಾಧನವಿದೆ. ಇವೆಲ್ಲಕ್ಕೂ ಅಪ್ಪಣೆ ಕೊಡುವುದು ಒಂದು ಗಣಕಯಂತ್ರ.

ಈ ಗಣಕವು ಜನ ಹತ್ತಿ ಇಳಿಯಲು ಕಾರನ್ನು ಸುಮಾರು 65 ಮಿಲಿಮೀಟರ್ ತಗ್ಗಿಸುತ್ತದೆ. ಕಲ್ಲುಮುಳ್ಳಿನ ಹಾದಿಯಲ್ಲಿ ಸುಮಾರು 40 ಮಿಲಿಮೀಟರ್ ಎತ್ತುತ್ತದೆ. ಹೆದ್ದಾರಿಯ ವೇಗದಲ್ಲಿ ತಾನಾಗಿಯೇ ಕೊಂಚ ಕೆಳಗಿಳಿಸುತ್ತದೆ.

ರಾತ್ರಿಯ ಮೋಸ

ಕಾರು ರಾತ್ರಿ ಕುಸಿದರೆ ಎಲ್ಲೋ ಸೋರುತ್ತಿದೆಯೆಂಬುದು ಸ್ಪಷ್ಟ. ಎಲ್ಲಿ ಎಂಬುದೇ ಪ್ರಶ್ನೆ. ಬೆಳಿಗ್ಗೆ ನಾಲ್ಕು ಮೂಲೆಗಳೂ ಸಮನಾಗಿ ಇಳಿದಿದ್ದರೆ, ನಾಲ್ಕೂ ತಿದಿಗಳು ಕೆಟ್ಟಿವೆಯೆಂದು ತೀರ್ಮಾನಿಸುವವರೇ ಹೆಚ್ಚು. ಈ ಕಾರಿನ ವಿಷಯದಲ್ಲಿ ಆ ತೀರ್ಮಾನ ತಪ್ಪಾಗಬಹುದು. ಏಕೆಂದರೆ ಕಾರು ನಿಂತ ಮೇಲೂ ಗಣಕಯಂತ್ರವು ಕೆಲವು ಗಂಟೆಗಳಿಗೊಮ್ಮೆ ಎಚ್ಚತ್ತು ನಾಲ್ಕು ಮೂಲೆಗಳನ್ನು ಅಳೆದು ನೋಡುತ್ತದೆ. ಒಂದು ಮೂಲೆ ತಗ್ಗಿದ್ದರೆ, ಕಾರು ವಾಲದಿರಲೆಂದು ಉಳಿದ ಮೂರನ್ನೂ ಅದರ ಮಟ್ಟಕ್ಕೆ ಇಳಿಸಿ ಮತ್ತೆ ನಿದ್ರಿಸುತ್ತದೆ. ಹೀಗಾಗಿ ಒಂದು ತಿದಿಯ ತಪ್ಪಿಗೆ ನಾಲ್ಕೂ ತಿದಿಗಳು ತಲೆತಗ್ಗಿಸುತ್ತವೆ.

ನಿಜವಾದ ಅಪರಾಧಿಯನ್ನು ಹಿಡಿಯಲು ಉಪಾಯ ಸರಳವಾಗಿದೆ. ಗಣಕವನ್ನು ಎಬ್ಬಿಸುವ ರಿಲೆ ಮುಂದಿನ ಸೀಟಿನ ಕೆಳಗಿದೆ. ಅದನ್ನು ಕಿತ್ತಿಟ್ಟು ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಬೇಕು. ಪ್ರತಿಯೊಂದು ಚಕ್ರದ ನಡುವಿನಿಂದ ಅದರ ಮೇಲಿನ ಕಮಾನಿನ ಅಂಚಿನವರೆಗೆ ಟೇಪಿನಿಂದ ಅಳೆದು ಬರೆದಿಟ್ಟುಕೊಳ್ಳಬೇಕು. ಬೆಳಿಗ್ಗೆ ಮತ್ತೆ ಅಳೆದರೆ ಸೋರುವ ಮೂಲೆಯೊಂದೇ ತಗ್ಗಿರುತ್ತದೆ. ಒಂದು ಟೇಪು, ಒಂದು ಚೀಟಿ, ಒಂದು ರಾತ್ರಿ. ಇಷ್ಟು ಖರ್ಚಿನಲ್ಲಿ ಮೂರು ತಿದಿಗಳ ಬೆಲೆ ಉಳಿಯಿತು.

ಆಮೇಲೆ ಸಾಬೂನಿನ ನೀರು. ತಿದಿಯ ರಬ್ಬರು ಮಡಚಿಕೊಳ್ಳುವ ಜಾಗ, ಕೊಳವೆ ಬಂದು ಸೇರುವ ಸಂದು, ವಾಲ್ವಿನ ಗಟ್ಟಿ ಇವುಗಳಿಗೆ ಕುಂಚದಿಂದ ಸವರಿದರೆ ಸೋರುವಲ್ಲಿ ಗುಳ್ಳೆಗಳು ಏಳುತ್ತವೆ. ಕಾರು ಮೇಲಿದ್ದಾಗಲೂ ತಗ್ಗಿದ್ದಾಗಲೂ ಪರೀಕ್ಷಿಸುವುದು ಅವಶ್ಯ. ಮಡಿಕೆಯೊಳಗಿನ ಬಿರುಕು ಒಂದು ಎತ್ತರದಲ್ಲಿ ಮುಚ್ಚಿಕೊಂಡು ಇನ್ನೊಂದರಲ್ಲಿ ಬಾಯ್ಬಿಡಬಲ್ಲದು. ಎಷ್ಟೋ ಬಾರಿ ತಿದಿ ಚೆನ್ನಾಗಿಯೇ ಇದ್ದು, ಕೊಳವೆಯ ತುದಿ ಗೀಚಿಹೋಗಿರುವುದರಿಂದ ಗಾಳಿ ನುಸುಳುತ್ತಿರುತ್ತದೆ. ತುದಿಯನ್ನು ನೇರವಾಗಿ ಕತ್ತರಿಸಿ ಮತ್ತೆ ತೂರಿಸಿದರೆ ಸಾಕು. ವಾಲ್ವಿನ ಗಟ್ಟಿಯೊಳಗಿನ ರಬ್ಬರಿನ ಉಂಗುರಗಳು ವಯಸ್ಸಿನಿಂದ ಬಿರುಸಾಗಿದ್ದರೆ ಅವನ್ನು ಮಾತ್ರ ಬದಲಿಸಬಹುದು. ಇಡೀ ಗಟ್ಟಿಯನ್ನು ಕೊಳ್ಳಬೇಕಾಗಿಲ್ಲ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮಾಲೀಕರ ಹಣ ಹೆಚ್ಚು ಪೋಲಾಗುವುದು ಪಂಪಿನ ವಿಷಯದಲ್ಲಿ. ಕಾರು ಏಳುತ್ತಿಲ್ಲ, ಪಂಪು ಸುಟ್ಟಿದೆ, ಹೊಸ ಪಂಪನ್ನು ಹಾಕಿದ್ದಾಯಿತು. ಕೆಲವು ತಿಂಗಳಲ್ಲಿ ಅದೂ ಸುಟ್ಟಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಈ ಪಂಪು ಆಗಾಗ ಸ್ವಲ್ಪ ಹೊತ್ತು ದುಡಿದು ವಿಶ್ರಮಿಸಲೆಂದು ಮಾಡಿದ್ದು. ತಿದಿ ಸೋರುತ್ತಿದ್ದರೆ ಅದಕ್ಕೆ ವಿಶ್ರಾಂತಿಯೇ ದೊರೆಯದು. ಮೈ ಕಾದು, ಒಳಗಿನ ಪಿಸ್ಟನ್ನಿನ ಉಂಗುರ ಸವೆದು, ಕಡೆಗೆ ಸೋಲುತ್ತದೆ.

ಇದರ ಹಿಂದೆ ಇನ್ನೊಂದು ಸೂಕ್ಷ್ಮವಿದೆ. ಕಾರು ತಗ್ಗುವಾಗ ಹೊರಹೋಗುವ ಒಣಗಾಳಿ ತೇವ ಹೀರುವ ಡಬ್ಬಿಯ ಮೂಲಕವೇ ಹಿಂದಕ್ಕೆ ಹಾದು, ಕಾಳುಗಳಲ್ಲಿ ಸೇರಿದ್ದ ನೀರಿನ ಅಂಶವನ್ನು ಹೊರಗೆ ಒಯ್ಯುತ್ತದೆ. ಸೋರಿದ ಗಾಳಿಯಾದರೋ ಆ ದಾರಿಯಲ್ಲಿ ಮರಳುವುದಿಲ್ಲ. ತೇವ ಒಳಬರುತ್ತಲೇ ಇರುತ್ತದೆ, ಹೊರಹೋಗುವುದಿಲ್ಲ. ಕಾಳುಗಳು ನೆನೆದು ನಿಷ್ಪ್ರಯೋಜಕವಾಗುತ್ತವೆ. ನೀರು ವಾಲ್ವುಗಳನ್ನು ಸೇರಿ ತುಕ್ಕು ಹಿಡಿಸುತ್ತದೆ. ಒಂದು ಸಣ್ಣ ಬಿರುಕಿನಿಂದ ಆರಂಭವಾದ ಕಾಯಿಲೆ ಹೀಗೆ ಎಲ್ಲ ಅಂಗಗಳಿಗೂ ವ್ಯಾಪಿಸುತ್ತದೆ. ಆದುದರಿಂದ ಪಂಪನ್ನು ಬದಲಿಸುವ ಮೊದಲು ಸೋರಿಕೆಯನ್ನು ನಿಲ್ಲಿಸಬೇಕು. ಒಣಕಾಳುಗಳ ಸ್ಥಿತಿಯನ್ನೂ ನೋಡಬೇಕು.

ಪಂಪಿನಿಂದ ಸದ್ದೇ ಬರದಿದ್ದರೆ ಮೊದಲು ಫ್ಯೂಸನ್ನೂ ರಿಲೆಯನ್ನೂ ಪರೀಕ್ಷಿಸುವುದು ವಿವೇಕ. ಪಂಪು ಓಡುತ್ತಿದ್ದೂ ಕಾರು ಏಳದಿದ್ದರೆ ಪಿಸ್ಟನ್ನಿನ ಉಂಗುರವನ್ನೋ ದೊಡ್ಡ ಸೋರಿಕೆಯನ್ನೋ ಶಂಕಿಸಬೇಕು. ಕೀಲಿ ತೆಗೆದ ಮೇಲೂ ಪಂಪು ನಿಲ್ಲದಿದ್ದರೆ ರಿಲೆಯೊಳಗಿನ ಲೋಹದ ತುದಿಗಳು ಬೆಸೆದುಹೋಗಿರಬಹುದು. ಒಂದು ಮೂಲೆ ಮಾತ್ರ ವಿಕಾರವಾಗಿ ಎದ್ದು ನಿಂತರೆ ಗಾಳಿಯಲ್ಲಿ ದೋಷವಿಲ್ಲ. ಎತ್ತರ ಅಳೆಯುವ ಸಾಧನವೋ ಅದರ ತಂತಿಯೋ ಸುಳ್ಳು ವರದಿ ಕೊಡುತ್ತಿದೆ. ನಮ್ಮ ಊರುಗಳಲ್ಲಿ ತಂತಿ ಕಡಿಯುವ ಇಲಿಯನ್ನೂ ಮರೆಯುವಂತಿಲ್ಲ.

ಒಮ್ಮೊಮ್ಮೆ ದೋಷವನ್ನು ಸರಿಪಡಿಸಿದ ಮೇಲೂ ಕಾರು ಹಟ ಹಿಡಿದಂತೆ ಕುಳಿತಿರುತ್ತದೆ. ರೇಂಜ್ ರೋವರಿನ ಗಣಕವು ಗಂಭೀರ ದೋಷವನ್ನು ಕಂಡರೆ ಗಾಳಿಯನ್ನು ಹೊರಬಿಟ್ಟು, ಕಾರನ್ನು ರಬ್ಬರಿನ ಅಡ್ಡೆಗಳ ಮೇಲೆ ಕೂರಿಸಿ, ಗಂಟೆಗೆ 35 ಮೈಲಿಗಿಂತ ವೇಗವಾಗಿ ಹೋಗಬೇಡವೆಂದು ಎಚ್ಚರಿಸುತ್ತದೆ. ಆ ದೋಷ ಅದರ ನೆನಪಿನಲ್ಲಿ ಉಳಿದುಬಿಡುತ್ತದೆ. ತಕ್ಕ ಉಪಕರಣದಿಂದ ನೆನಪನ್ನು ಅಳಿಸಿದ ಬಳಿಕವೇ ಅದು ಮತ್ತೆ ಗಾಳಿ ತುಂಬಲು ಒಪ್ಪುತ್ತದೆ. ಇದನ್ನು ತಿಳಿಯದೆ ಒಳ್ಳೆಯ ಭಾಗಗಳನ್ನು ಮತ್ತೆ ಮತ್ತೆ ಬದಲಿಸಿದರೆ ಫಲವಿಲ್ಲ.

ಪ್ರಾಣಕ್ಕೆ ಸಂಬಂಧಿಸಿದ ಮಾತು

ಇದುವರೆಗೆ ಹೇಳಿದ್ದು ಹಣದ ಮಾತು. ಇನ್ನು ಹೇಳುವುದನ್ನು ಪ್ರತಿಯೊಬ್ಬರೂ ನೆನಪಿನಲ್ಲಿಡಬೇಕು. ಗಾಳಿಯ ಆಧಾರದ ಮೇಲೆ ನಿಂತಿರುವ ಕಾರಿನ ಅಡಿಗೆ ಎಂದೂ ನುಸುಳಬಾರದು. ಎರಡು ಸಾವಿರ ಕಿಲೋಗ್ರಾಮಿಗೂ ಹೆಚ್ಚು ತೂಗುವ ಆ ಭಾರವನ್ನು ಎತ್ತಿ ಹಿಡಿದಿರುವುದು ಕಣ್ಣಿಗೆ ಕಾಣದ ಗಾಳಿ. ತಿದಿ ಒಡೆದರೆ, ಕೊಳವೆ ಕಳಚಿದರೆ, ಇಲ್ಲವೆ ಗಣಕವೇ ಇಳಿಯಲು ಅಪ್ಪಣೆ ಕೊಟ್ಟರೆ, ಕೆಳಗಿದ್ದವರಿಗೆ ಹೊರಬರಲು ಸಮಯವಿರುವುದಿಲ್ಲ. ಬಿದ್ದ ವಸ್ತುವನ್ನು ಎತ್ತಿಕೊಳ್ಳಲು ಮಗು ಕೈಚಾಚಿದರೂ ತಡೆಯಬೇಕು.

ಟೈರು ಬದಲಿಸಲು ಜಾಕಿ ಕೊಡುವ ಮೊದಲು ಗಾಳಿಯ ವ್ಯವಸ್ಥೆಯನ್ನು ನಿಲ್ಲಿಸಬೇಕು. ಲಿಂಕನ್ ಕಾರುಗಳಲ್ಲಿ ಇದಕ್ಕೆಂದೇ ಹಿಂದಿನ ಡಿಕ್ಕಿಯೊಳಗೆ ಒಂದು ಸ್ವಿಚ್ಚು ಇತ್ತು. ಇತರ ಕಾರುಗಳಲ್ಲಿ ಏನು ಮಾಡಬೇಕೆಂಬುದು ಕಾರಿನೊಡನೆ ಬಂದ ಕೈಪಿಡಿಯಲ್ಲಿ ಇರುತ್ತದೆ. ಹಾಗೆ ಮಾಡದಿದ್ದರೆ ಕಾರನ್ನು ಯಾರೋ ಎತ್ತುತ್ತಿದ್ದಾರೆಂದು ಅರಿಯದ ಗಣಕವು ಎತ್ತರವನ್ನು ಸರಿಪಡಿಸಲು ತಿದಿಗಳ ಗಾಳಿಯನ್ನು ಹೊರಬಿಡಬಹುದು. ಕೆಲಸಗಾರರು ಅಡಿಗೆ ಹೋಗಲೇಬೇಕಾದರೆ ಭಾರವನ್ನು ಉಕ್ಕಿನ ಗಟ್ಟಿ ಸ್ಟ್ಯಾಂಡುಗಳ ಮೇಲೆ ಇಳಿಸಿರಬೇಕು. ಕೊಳವೆಯನ್ನು ಕಳಚುವ ಮೊದಲು ಒತ್ತಡವನ್ನು ಪೂರ್ತಿಯಾಗಿ ಬಿಟ್ಟಿರಬೇಕು.

ಕೊಳ್ಳುವವರಿಗೆ ಕಿವಿಮಾತು

ಇಂತಹ ಹಳೆಯ ಕಾರನ್ನು ಕೊಳ್ಳಬಯಸುವವರು ಅದನ್ನು ಬೆಳಗಿನ ಹೊತ್ತು, ಮಾರುವವರು ಇನ್ನೂ ಚಾಲೂ ಮಾಡುವ ಮೊದಲೇ, ಹೋಗಿ ನೋಡಬೇಕು. ರಾತ್ರಿಯಿಡೀ ನಿಂತ ಕಾರು ಸುಳ್ಳು ಹೇಳಲಾರದು. ಚಾಲೂ ಮಾಡಿದ ಮೇಲೆ ಮೇಲೇಳಲು ಎಷ್ಟು ಹೊತ್ತು ಹಿಡಿಯಿತು, ಪಂಪು ಎಷ್ಟು ಹೊತ್ತು ಗೊರಗುಟ್ಟಿತು ಎಂಬುದನ್ನು ಗಮನಿಸಬೇಕು. ಎಲ್ಲ ಎತ್ತರಗಳಿಗೂ ಏರಿಸಿ ಇಳಿಸಿ ತೋರಿಸುವಂತೆ ಕೇಳುವುದರಲ್ಲಿ ಸಂಕೋಚ ಬೇಡ.

ಗಾಳಿಯನ್ನೇ ಬಿಟ್ಟು ಉಕ್ಕಿನ ಸುರುಳಿಗಳನ್ನು ಹಾಕಿಸಿಕೊಂಡರೆ ಹೇಗೆ ಎಂಬ ಪ್ರಶ್ನೆ 1958ರಲ್ಲಿದ್ದಂತೆ ಇಂದಿಗೂ ಇದೆ. ಅನೇಕ ಕಾರುಗಳಿಗೆ ಅಂತಹ ಜೋಡಣೆಗಳು ದೊರೆಯುತ್ತವೆ, ಚಿಂತೆಯೂ ಕಳೆಯುತ್ತದೆ. ಆದರೆ ಏರಿಳಿಯುವ ಗುಣವೂ, ಹೊರೆಗೆ ತಕ್ಕಂತೆ ಹೊಂದಿಕೊಳ್ಳುವ ಗುಣವೂ, ತೇಲುವ ಸುಖವೂ ಅದರೊಡನೆ ಹೋಗುತ್ತವೆ. ಉಳಿದ ಅಂಗಗಳೆಲ್ಲ ಗಟ್ಟಿಮುಟ್ಟಾಗಿದ್ದು ಒಂದು ತಿದಿ ಮಾತ್ರ ಬಿರಿದಿದ್ದರೆ ಅದನ್ನು ಬದಲಿಸುವುದೇ ಲೇಸು. ಮೇಲಿಂದ ಮೇಲೆ ಎಲ್ಲವೂ ಕೈಕೊಡುತ್ತಿದ್ದರೆ ಉಕ್ಕಿಗೆ ಮರಳುವುದರಲ್ಲಿ ಅವಮಾನವೇನಿಲ್ಲ.

ರಬ್ಬರು ಮುಪ್ಪಾಗುವುದನ್ನು ಯಾರೂ ತಡೆಯಲಾರರು. ಆದರೆ ಕಾರು ಮೊದಲ ಬಾರಿ ಒಂದಂಗುಲ ತಗ್ಗಿದ ಬೆಳಿಗ್ಗೆಯೇ ಟೇಪನ್ನೂ ಸಾಬೂನಿನ ನೀರನ್ನೂ ಕೈಗೆತ್ತಿಕೊಂಡ ಮಾಲೀಕನು ಒಂದು ತಿದಿಯ ಬೆಲೆಯಲ್ಲಿ ಪಾರಾಗುತ್ತಾನೆ. ಎದ್ದಿತಲ್ಲ ಎಂದು ಸುಮ್ಮನಾದವನು ತಿದಿಗೂ ಪಂಪಿಗೂ ವಾಲ್ವುಗಳಿಗೂ ಸೇರಿಸಿ ಹಣ ತೆರುತ್ತಾನೆ.