ಡೀಸೆಲ್ ಮುಳ್ಳು ರಾತ್ರಿ ಹೇಳಿದ ಸುಳ್ಳು

ಕಳೆದ ಕೊಯ್ಲಿನ ಕಾಲದಲ್ಲಿ ಒಂದು ರಾತ್ರಿ ತೋಟದ ಲೈನಿನಿಂದ ಕರೆ ಬಂತು. ಕೆಲಸದವರ ಮಗುವೊಂದಕ್ಕೆ ಜ್ವರ ಏರಿ ಸೆಳೆತ ಬಂದಿತ್ತು. ಸಂಘದ ಹಳೆಯ ಡೀಸೆಲ್ ಜೀಪು ಅಂದು ನಮ್ಮಲ್ಲೇ ಇತ್ತು. ಮುಳ್ಳು ಅರ್ಧ ಟ್ಯಾಂಕ್ ತೋರಿಸುತ್ತಿತ್ತು, ಹೊರಟೆವು. ಪೇಟೆ ಇನ್ನೂ ಏಳು ಕಿಲೋಮೀಟರ್ ಇರುವಾಗ ಏರಿನಲ್ಲಿ ಜೀಪು ಎರಡು ಸಲ ಕೆಮ್ಮಿ ನಿಂತಿತು. ಟ್ಯಾಂಕಿಗೆ ಕೋಲು ಇಳಿಸಿ ನೋಡಿದರೆ ತುದಿಯೂ ಒದ್ದೆಯಾಗಲಿಲ್ಲ. ಮುಳ್ಳು ಮಾತ್ರ ಆಗಲೂ ಅರ್ಧದಲ್ಲೇ!

ಅಡಿಕೆ ಹೇರಿಕೊಂಡು ಬಂದ ಪಿಕಪ್‌ನವರೊಬ್ಬರು ಮಗುವನ್ನೂ ತಾಯಿಯನ್ನೂ ಕರೆದೊಯ್ದರು. ಮಗು ಚೇತರಿಸಿಕೊಂಡಿತು. ನಾವು ಕ್ಯಾನಿನಲ್ಲಿ ಡೀಸೆಲ್ ತರಿಸಿ ಹುಯ್ದರೂ ಜೀಪು ಹೊರಡಲಿಲ್ಲ. ಡೀಸೆಲ್ ಪೂರ್ತಿ ಬರಿದಾದರೆ ಪೈಪಿಗೆ ಗಾಳಿ ಸೇರುತ್ತದೆ. ಫಿಲ್ಟರಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ ಗಾಳಿ ತೆಗೆಯದೆ ಎಂಜಿನ್ ಏಳದು. ಆ ಕೆಲಸ ಮುಗಿಯುವಾಗ ನಡುರಾತ್ರಿ ದಾಟಿತ್ತು.

ಮರುದಿನ ವರ್ಕ್‌ಶಾಪಿಗೆ ಒಯ್ದೆವು. ಮೀಟರ್ ಬದಲಿಸಿದರು. ವಾರ ಕಳೆಯುವುದರೊಳಗೆ ಮತ್ತೆ ಅದೇ ಕಥೆ. ಟ್ಯಾಂಕಿನೊಳಗಿನ ಸೆಂಡರನ್ನೂ ಬದಲಿಸಿದರು. ಬಿಲ್ಲು ಎರಡಾಯಿತು, ರೋಗ ಹಾಗೇ ಉಳಿಯಿತು. ಬಂದು ಹೋಗುವ ದೋಷದ ಪೀಡೆಯೇ ಇದು. ಮೆಕ್ಯಾನಿಕ್ಕಿನ ಎದುರು ಹಗಲು ಹೊತ್ತಿನಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ.

ಕೊನೆಗೆ ಒಂದು ನೋಟ್‌ಬುಕ್ಕನ್ನು ಜೀಪಿನಲ್ಲೇ ಇಟ್ಟೆವು. ಹೊತ್ತು, ಕಿಲೋಮೀಟರ್, ಹಾಕಿಸಿದ ಲೀಟರ್, ಮುಳ್ಳು ತೋರಿಸಿದ್ದು, ರಸ್ತೆ, ಮಳೆ ಎಲ್ಲವನ್ನೂ ಡ್ರೈವರ್ ಬರೆಯಬೇಕೆಂದು ಕಟ್ಟಪ್ಪಣೆ. (ಮೊದಲ ಎರಡು ದಿನ ಆತ ಗೊಣಗಿದ್ದು ನಿಜ.) ಹದಿನೈದು ದಿನದ ಲೆಕ್ಕ ನೋಡಿದಾಗ ವಿಷಯ ಹೊಳೆಯಿತು. ಹಗಲು ಕಾಲು ತೋರಿಸುವ ಮುಳ್ಳು, ಅದೇ ಡೀಸೆಲಿಗೆ, ಸಂಜೆ ಲೈಟು ಹಾಕಿದೊಡನೆ ಅರ್ಧಕ್ಕೆ ಏರುತ್ತಿತ್ತು.

ಇದರ ಒಳಗುಟ್ಟು ಹೀಗಿದೆ. ಟ್ಯಾಂಕಿನಲ್ಲಿ ತೇಲುವ ಬುರುಡೆಯೊಂದು ಕಡ್ಡಿಯ ತುದಿಯಲ್ಲಿರುತ್ತದೆ. ಡೀಸೆಲ್ ಏರಿಳಿದಂತೆ ಕಡ್ಡಿಯ ಇನ್ನೊಂದು ತುದಿ ರೋಧಕ ಪಟ್ಟಿಯ ಮೇಲೆ ಜಾರುತ್ತದೆ. ಮೀಟರಿನಿಂದ ಬಂದ ಕರೆಂಟು ಆ ಪಟ್ಟಿಯ ಮೂಲಕ ಹಾದು ಅರ್ತ್ ತಂತಿಯಿಂದ ಚಾಸಿಗೆ ಇಳಿಯಬೇಕು. ನಮ್ಮ ಜೀಪಿನದು ಡೀಸೆಲ್ ಹೆಚ್ಚಿದಂತೆ ರೋಧವೂ ಹೆಚ್ಚುವ ಬಗೆ, ತದ್ವಿರುದ್ಧವಾದವೂ ಇವೆ. ಸೆಂಡರ್ ಮತ್ತು ಹಿಂದಿನ ದೀಪ ಎರಡರ ಅರ್ತೂ ಒಂದೇ ಬೋಲ್ಟಿಗೆ ಬಿಗಿದಿತ್ತು. ಕೆಸರು ಮೆತ್ತಿ ಆ ಬೋಲ್ಟಿಗೆ ತುಕ್ಕು ಹಿಡಿದಿತ್ತು. ದೀಪದ ಕರೆಂಟು ಆ ಇಕ್ಕಟ್ಟಿನಲ್ಲಿ ನುಗ್ಗಿದಾಗ ಸೆಂಡರಿನ ಬುಡದಲ್ಲೇ ವೋಲ್ಟೇಜು ಏರಿ, ಮೀಟರಿಗೆ ಡೀಸೆಲ್ ಹೆಚ್ಚಿದಂತೆ ಕಂಡಿತು. ಆ ರಾತ್ರಿ ಲೈಟು ಆರಿಸಿ ನೋಡಿದ್ದರೆ ಮುಳ್ಳು ನಿಂತಲ್ಲೇ ನಿಜ ಹೇಳುತ್ತಿತ್ತು!

ಖಾತ್ರಿಗೆ ಮಲ್ಟಿಮೀಟರನ್ನು ವೋಲ್ಟಿಗೆ ತಿರುಗಿಸಿ, ಲೈಟು ಹಾಕಿ, ಒಂದು ಕಡ್ಡಿಯನ್ನು ಸೆಂಡರಿನ ಅರ್ತಿಗೂ ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೂ ಹಿಡಿದೆವು. ಸೊನ್ನೆಯ ಹತ್ತಿರ ಇರಬೇಕಾದ್ದು ಒಂದು ವೋಲ್ಟ್ ದಾಟಿತ್ತು. ಬೋಲ್ಟ್ ಬಿಚ್ಚಿ, ಮರಳು ಕಾಗದದಿಂದ ಹೊಳೆಯುವ ತನಕ ಉಜ್ಜಿ, ಹೊಸ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಬಳಿದೆವು. ಖರ್ಚು ಒಂದು ಚಹಾದಷ್ಟೂ ಆಗಲಿಲ್ಲ.

ಎಲ್ಲ ವಾಹನದ್ದೂ ಅರ್ತಿನದೇ ದೋಷವೆಂದು ಹೇಳುವುದಿಲ್ಲ. ಅರ್ತ್ ಸರಿಯಿದ್ದೂ ಮುಳ್ಳು ಕುಣಿದರೆ ಸೆಂಡರನ್ನು ಹೊರತೆಗೆಸಿ, ಮಲ್ಟಿಮೀಟರನ್ನು ಓಮ್ಸಿಗೆ ಇಟ್ಟು ಕಡ್ಡಿಯನ್ನು ನಿಧಾನವಾಗಿ ಮೇಲಿಂದ ಕೆಳಕ್ಕೆ ಆಡಿಸಬೇಕು. ಅಂಕಿ ಸರಾಗವಾಗಿ ಬದಲಾಗದೆ ಒಂದು ಜಾಗದಲ್ಲಿ ಕಡಿದುಹೋದರೆ ಪಟ್ಟಿ ಸವೆದಿದೆಯೆಂದೇ ಅರ್ಥ. ಪೆಟ್ರೋಲ್ ವಾಹನವಾದರೆ ಟ್ಯಾಂಕ್ ಬಿಚ್ಚುವ ಮೊದಲು ಬ್ಯಾಟರಿ ತಂತಿ ಕಳಚಿರಿ. ಬೀಡಿ, ಟಾರ್ಚು ಎರಡೂ ದೂರವಿರಲಿ. ಈಗಿನ ಕಾರುಗಳಲ್ಲಿ ಸೆಂಡರ್ ಸಾಮಾನ್ಯವಾಗಿ ಪಂಪಿನ ಜೊತೆಯಲ್ಲೇ ಟ್ಯಾಂಕಿನೊಳಗಿದ್ದು, ಲೆಕ್ಕ ಹಾಕುವುದು ಕಂಪ್ಯೂಟರ್. ಅಲ್ಲಿ ಹಳೆಯ ಪದ್ಧತಿಯಂತೆ ಸೆಂಡರಿನ ತಂತಿಯನ್ನು ಚಾಸಿಗೆ ತಾಗಿಸಿ ಮುಳ್ಳು ಆಡಿಸಿ ನೋಡುವ ಸಾಹಸ ಬೇಡ.

ಸಂಘದ ಮಲ್ಟಿಮೀಟರ್ ಕಚೇರಿಯ ಬೀರುವಿನಲ್ಲಿದೆ. ಬೇಕಾದ ಸದಸ್ಯರು ರಿಜಿಸ್ಟರಿನಲ್ಲಿ ಸಹಿ ಹಾಕಿ ಒಯ್ಯಬಹುದು, ಎರಡು ದಿನದೊಳಗೆ ಮರಳಿಸಬೇಕು. ನೋಟ್‌ಬುಕ್ ಮಾತ್ರ ಜೀಪಿನಲ್ಲೇ ಇದೆ. ಡ್ರೈವರ್ ಈಗ ಹೇಳದೆಯೇ ಬರೆಯುತ್ತಾನೆ.