ಕಾರ್ಡನ್ನು ಓದುವ ಪೆಟ್ಟಿಗೆ

ಹಿಂದೆ ಮದುವೆ ಮುಂಜಿಗಳ ಭಾವಚಿತ್ರಗಳನ್ನು ಟ್ರಂಕಿನ ತಳದಲ್ಲಿ, ರೇಷ್ಮೆ ಸೀರೆಯ ಮಡಿಕೆಗಳ ನಡುವೆ, ಜೋಪಾನವಾಗಿ ಇಡುವುದು ನಮ್ಮ ಮನೆಗಳ ಪದ್ಧತಿಯಾಗಿತ್ತು. ಕಳೆದ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಆ ಭಾವಚಿತ್ರಗಳು ಟ್ರಂಕನ್ನು ಬಿಟ್ಟು ಮೆಮೊರಿ ಕಾರ್ಡೆಂಬ ಕರಿಯ ಬಿಲ್ಲೆಯೊಳಕ್ಕೆ ಹೊಕ್ಕಿವೆ. ಟ್ರಂಕಿಗೆ ಒಂದು ಗುಣವಿತ್ತು. ಮುಚ್ಚಳ ತೆಗೆದರೆ ಒಳಗಿದ್ದುದು ಕಣ್ಣಿಗೆ ಬೀಳುತ್ತಿತ್ತು. ಬಿಲ್ಲೆಗೆ ಆ ಗುಣವಿಲ್ಲ. ಅದನ್ನು ಎಷ್ಟು ತಿರುಗಿಸಿ ನೋಡಿದರೂ ಅಜ್ಜನ ಮುಖ ಕಾಣುವುದಿಲ್ಲ. ಅದನ್ನು ಓದಿ ತೋರಿಸಲು ಕಾರ್ಡ್ ರೀಡರೆಂಬ ಇನ್ನೊಂದು ಪೆಟ್ಟಿಗೆ ಬೇಕು. ಆ ಪೆಟ್ಟಿಗೆ ಹೇಗಿದ್ದರೆ ಅನುಕೂಲ ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ನಾವಿರುವುದು ದಿಲ್‌ಸುಖ್‌ನಗರದಲ್ಲಿ. ವಿಜಯವಾಡದ ಹೆದ್ದಾರಿಯ ಇಕ್ಕೆಲದಲ್ಲಿಯೂ ತರಬೇತಿ ಕೇಂದ್ರಗಳ ಫಲಕಗಳು, ವಿದ್ಯಾರ್ಥಿಗಳ ವಸತಿಗೃಹಗಳು. ೨೦೧೮ರಿಂದೀಚೆಗೆ ನೆತ್ತಿಯ ಮೇಲೆ ಮೆಟ್ರೊ ರೈಲು. ಇಂಥ ಬೀದಿಯಲ್ಲಿ ಕಾರ್ಡ್ ರೀಡರಿಗೆ ಬರಗಾಲವಿಲ್ಲ. ಮೊಬೈಲಿನ ಅಂಗಡಿಯಲ್ಲಿ ಕೇಳಿದರೆ ಅಂಗಡಿಯವನು ಡಬ್ಬಿಯೊಳಗೆ ಕೈಹಾಕಿ, ಹುರಿಗಡಲೆ ಕೊಡುವಂತೆ, ಒಂದನ್ನು ತೆಗೆದುಕೊಡುತ್ತಾನೆ. ದೊರೆಯುವುದು ಕಷ್ಟವಲ್ಲ, ದೊರೆತದ್ದನ್ನು ಬಳಸುವುದೇ ಕಷ್ಟ.

ನಮ್ಮ ಬಡಾವಣೆಯ ಹಿರಿಯ ತಾಯಿಯೊಬ್ಬರ ಸಂಗತಿಯನ್ನು ಇಲ್ಲಿ ಹೇಳಬೇಕು. ರಾಯಚೂರು ಕಡೆಯವರು. ಅವರ ಯಜಮಾನರು ತೀರಿಕೊಳ್ಳುವ ಮೊದಲು, ಗುಂಡಿಯೊತ್ತುವ ಹಳೆಯ ಫೋನಿನಲ್ಲಿ, ಮೊಮ್ಮಕ್ಕಳಿಗೆಂದು ಕಥೆಗಳನ್ನು ಹೇಳಿ ಧ್ವನಿಮುದ್ರಿಸಿದ್ದರು. ಫೋನು ಕೆಟ್ಟಿತು, ಒಳಗಿನ ಮೈಕ್ರೊ ಎಸ್‌ಡಿ ಕಾರ್ಡು ಉಳಿಯಿತು. ಅದನ್ನು ಗಣಕದ ಮುಂಭಾಗದಲ್ಲಿದ್ದ ರೀಡರಿನ ಕಂಡಿಗೆ ಹಾಕುವಾಗ ಕಂಡಿಯ ಬದಲು ಅದರ ಮೇಲಿದ್ದ ಸಂದಿಗೆ ತೂರಿಹೋಯಿತು. ಹದಿನೈದು ಮಿಲಿಮೀಟರು ಉದ್ದ, ಹನ್ನೊಂದು ಅಗಲ, ಒಂದು ಮಿಲಿಮೀಟರು ದಪ್ಪದ ವಸ್ತು! ಮನೆಯವರೆಲ್ಲ ಗಾಬರಿಯಾದರು. ತಿರುಪುಮೊಳೆಗಳನ್ನು ಬಿಚ್ಚಿ, ಗಣಕದ ಕವಚವನ್ನು ಕಳಚಿ, ಟಾರ್ಚು ಹಿಡಿದು ಹುಡುಕಿದಾಗ ಅದು ತಂತಿಗಳ ಸಿಕ್ಕಿನ ನಡುವೆ ದೊರೆಯಿತು. ಅಷ್ಟು ಹೊತ್ತೂ ಆ ತಾಯಿ ಮಾತನಾಡದೆ ಕುರ್ಚಿಯಲ್ಲಿ ಕುಳಿತಿದ್ದರು. ಯಾರ ತಪ್ಪೂ ಅದರಲ್ಲಿರಲಿಲ್ಲ. ಕಂಡಿಗೂ ಸಂದಿಗೂ ವ್ಯತ್ಯಾಸ ಕಾಣದಂತೆ ಪೆಟ್ಟಿಗೆಯನ್ನು ರಚಿಸಿದರೆ ಎಪ್ಪತ್ತು ದಾಟಿದ ಕಣ್ಣು ಮಾಡುವುದಾದರೂ ಏನು?

ಕಾರ್ಡ್ ರೀಡರೆಂಬ ಹೆಸರು ಹೊಸದಲ್ಲ. ಮೊದಲು ಆ ಹೆಸರು ಇದ್ದದ್ದು ರಟ್ಟಿನ ಕಾರ್ಡುಗಳನ್ನು ಓದುವ ಯಂತ್ರಕ್ಕೆ. ಅಮೆರಿಕದ ೧೮೯೦ರ ಜನಗಣತಿಯಲ್ಲಿ ಹರ್ಮನ್ ಹೊಲೆರಿತ್ ಎಂಬಾತನು ತೂತು ಹೊಡೆದ ಕಾರ್ಡುಗಳನ್ನು ಯಂತ್ರದಿಂದ ಎಣಿಸಿದನು. ೧೯೨೮ರಿಂದ ಎಂಬತ್ತು ಸಾಲಿನ ಐಬಿಎಂ ಕಾರ್ಡು ಬಂದಿತು. ಒಂದು ಕಾರ್ಡಿಗೆ ಎಂಬತ್ತು ಅಕ್ಷರ. ನಮ್ಮ ದೇಶದ ಸರ್ಕಾರಿ ಕಛೇರಿಗಳಲ್ಲಿಯೂ ಇಂಥ ಕಾರ್ಡುಗಳು ರಾಶಿರಾಶಿಯಾಗಿ ಬಿದ್ದಿರುತ್ತಿದ್ದ ಕಾಲವೊಂದಿತ್ತು. ಇಂದು ೩೨ ಜಿಬಿ ಎಂದು ಬರೆದಿರುವ ಬಿಲ್ಲೆಯೊಂದರಲ್ಲಿ ಸುಮಾರು ೩೨೦೦ ಕೋಟಿ ಅಕ್ಷರಗಳು ಹಿಡಿಯುತ್ತವೆ. ಅಂದರೆ ನಲವತ್ತು ಕೋಟಿ ರಟ್ಟಿನ ಕಾರ್ಡು. ಅವನ್ನು ಒಂದರ ಮೇಲೊಂದು ಪೇರಿಸಿ, ಆ ಕಂಬವನ್ನು ಹೆದ್ದಾರಿಯ ಮೇಲೆ ಮಲಗಿಸಿದರೆ ನಮ್ಮ ದಿಲ್‌ಸುಖ್‌ನಗರದಿಂದ ಹೊರಟು ಚೌಟುಪ್ಪಲ್ಲನ್ನು ದಾಟಿಹೋದೀತು. ಗುಮಾಸ್ತೆಯ ಲೆಕ್ಕ ಇದು, ತಪ್ಪಿರಲಾರದು.

ಆ ರಟ್ಟಿನ ಕಾರ್ಡಿನಿಂದ ಈ ಬಿಲ್ಲೆಗೆ ಬಂದ ಒಂದು ಬಳುವಳಿ ಉಂಟು. ಕಟ್ಟಿನಲ್ಲಿ ಒಂದು ಕಾರ್ಡು ತಿರುಗುಮುರುಗಾಗಿದ್ದರೆ ತಟ್ಟನೆ ಕಾಣಲೆಂದು ಅದರ ಒಂದು ಮೂಲೆಯನ್ನು ಓರೆಯಾಗಿ ಕತ್ತರಿಸಿರುತ್ತಿದ್ದರು. ನಿಮ್ಮ ಮನೆಯ ಎಸ್‌ಡಿ ಕಾರ್ಡನ್ನು ಕೈಗೆತ್ತಿಕೊಂಡು ನೋಡಿ. ಅದರಲ್ಲಿಯೂ ಒಂದು ಮೂಲೆ ಓರೆಯಾಗಿದೆ. ಆದರೆ ಕಾರ್ಡಿನಲ್ಲಿ ಓರೆಯಿದ್ದರೆ ಸಾಲದು. ಓರೆ ಯಾವ ಕಡೆಗಿರಬೇಕೆಂಬುದನ್ನು ಪೆಟ್ಟಿಗೆಯೂ ಹೇಳಬೇಕು. ಅನೇಕ ರೀಡರುಗಳು ಹೇಳುವುದಿಲ್ಲ. ಹೇಳಿದರೂ ಕರಿಯ ಪ್ಲಾಸ್ಟಿಕ್ಕಿನ ಮೇಲೆ ಕರಿಯದಾಗಿಯೇ ಉಬ್ಬಿಸಿದ ಚಿತ್ರ. ಅದನ್ನು ನೋಡಲು ಕನ್ನಡಕದ ಜೊತೆಗೆ ಭೂತಗನ್ನಡಿಯೂ ಬೇಕು.

ಈ ಬಿಲ್ಲೆಯೊಳಗಿನ ವಿದ್ಯೆ ಜಪಾನಿನದು. ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುಓಕ ಎಂಬ ವಿಜ್ಞಾನಿಯು ೧೯೮೪ರಲ್ಲಿ ಫ್ಲಾಷ್ ಸ್ಮೃತಿಯನ್ನು ಲೋಕಕ್ಕೆ ತಿಳಿಸಿದರು. ಅತಿ ಸೂಕ್ಷ್ಮವಾದ ಕೋಶಗಳಲ್ಲಿ ವಿದ್ಯುತ್ಕಣಗಳನ್ನು ಸೆರೆಹಿಡಿದು ಇಡುವುದು ಅದರ ಮರ್ಮ. ವಿದ್ಯುತ್ತು ನಿಂತರೂ ಸೆರೆಯಲ್ಲಿದ್ದುದು ತಪ್ಪಿಸಿಕೊಳ್ಳುವುದಿಲ್ಲ. ಆದರೆ ವರ್ಷಗಳು ಕಳೆದಂತೆ ಸ್ವಲ್ಪಸ್ವಲ್ಪವಾಗಿ ಸೋರುತ್ತದೆ ಎಂಬುದನ್ನು ಗೃಹಿಣಿಯರು ನೆನಪಿಡಬೇಕು. ಡಬ್ಬಿಯಲ್ಲಿಟ್ಟು ಮರೆತ ಕಾರ್ಡು ಉಪ್ಪಿನಕಾಯಿಯಂತೆ ಕೆಡದೆ ಕೂರುವ ಪದಾರ್ಥವಲ್ಲ.

ವಿದ್ಯೆ ಒಂದೇ ಆದರೂ ಅದಕ್ಕೆ ತೊಡಿಸಿದ ಅಂಗಿಗಳು ಹಲವು. ೧೯೯೪ರಲ್ಲಿ ಕಾಂಪ್ಯಾಕ್ಟ್ ಫ್ಲಾಷ್, ಮರುವರ್ಷ ಸ್ಮಾರ್ಟ್ ಮೀಡಿಯ, ೧೯೯೮ರಲ್ಲಿ ಸೋನಿಯವರ ಮೆಮೊರಿ ಸ್ಟಿಕ್, ೧೯೯೯ರಲ್ಲಿ ಎಸ್‌ಡಿ, ೨೦೦೨ರಲ್ಲಿ ಒಲಿಂಪಸ್ ಮತ್ತು ಫ್ಯೂಜಿಫಿಲಂನವರ ಎಕ್ಸ್‌ಡಿ. ಒಂದರ ಕಂಡಿಗೆ ಇನ್ನೊಂದು ಹೋಗದು. ಅಣ್ಣ ತಮ್ಮಂದಿರು ಬೇರೆಬೇರೆ ಕಂಪನಿಯ ಕ್ಯಾಮರಾ ಕೊಂಡರೆ ಒಬ್ಬರ ಮನೆಯ ಚಿತ್ರ ಇನ್ನೊಬ್ಬರ ಮನೆಯಲ್ಲಿ ಓದಲಾಗದ ಸ್ಥಿತಿ. ಆ ಕಾಲದಲ್ಲಿ ಹುಟ್ಟಿದ ಒಂದು ಉಪಾಯವನ್ನು ನಾವು ಮೆಚ್ಚುತ್ತೇವೆ. ಸ್ಮಾರ್ಟ್ ಮೀಡಿಯ ಕಾರ್ಡನ್ನು ಫ್ಲಾಪಿಯ ಆಕಾರದ ಒಂದು ಹಲಗೆಯೊಳಕ್ಕೆ ಸೇರಿಸಿ, ಆ ಹಲಗೆಯನ್ನೇ ಗಣಕದ ಫ್ಲಾಪಿ ಕಂಡಿಗೆ ತಳ್ಳುವುದು. ಫ್ಲಾಷ್‌ಪಾತ್ ಎಂದು ಅದರ ಹೆಸರು. ನಿಧಾನ, ನಿಜ, ಗುಂಡಿ ಬ್ಯಾಟರಿಯೂ ಬೇಕಾಗಿತ್ತು. ಆದರೆ ಜನರಿಗೆ ಆಗಲೇ ಬರುತ್ತಿದ್ದ ಕೈಚಳಕದೊಳಗೇ ಹೊಸದನ್ನು ಕೂರಿಸಿದ ಬುದ್ಧಿ ಅದು.

ಆಮೇಲೆ ಬಂದದ್ದು ಎಲ್ಲ ಕಾರ್ಡಿಗೂ ಒಂದೇ ಪೆಟ್ಟಿಗೆ. ನಾಲ್ಕು ಕಂಡಿಗಳ ಆ ಪೆಟ್ಟಿಗೆಯನ್ನು ಜೋಡಿಸಿದರೆ ಅಂದಿನ ವಿಂಡೋಸಿನಲ್ಲಿ ನಾಲ್ಕು ಹೊಸ ಡ್ರೈವುಗಳು ಕಾಣಿಸಿಕೊಳ್ಳುತ್ತಿದ್ದವು, ಕಾರ್ಡು ಹಾಕಿದ್ದು ಒಂದಕ್ಕೇ ಆದರೂ. ಮೂರು ಮನೆಯ ಬಾಗಿಲು ತಟ್ಟಿ ಬೈಸಿಕೊಂಡ ಮೇಲೆ ನಾಲ್ಕನೆಯ ಮನೆಯಲ್ಲಿ ನೆಂಟರು ಸಿಕ್ಕಂತೆ. ೨೦೦೯ರ ವಿಂಡೋಸ್ ೭ ಬಂದಮೇಲೆ ಖಾಲಿ ಡ್ರೈವುಗಳನ್ನು ಮರೆಮಾಡತೊಡಗಿದರು. ಕಾಂಪ್ಯಾಕ್ಟ್ ಫ್ಲಾಷಿನ ಕಂಡಿಯೊಳಗೆ ಐವತ್ತು ಸೂಜಿಗಳು. ಕಾರ್ಡನ್ನು ಓರೆಯಾಗಿ ಒತ್ತಿದರೆ ಒಂದು ಬಾಗಿ ಪೆಟ್ಟಿಗೆಯೇ ನಿರುಪಯುಕ್ತ. ಎಸ್‌ಡಿಯನ್ನು ರಚಿಸಿದವರು ಸೂಜಿಗಳನ್ನು ಬಿಟ್ಟು ಚಪ್ಪಟೆ ಪಟ್ಟಿಗಳನ್ನು ಇಟ್ಟದ್ದು ದೊಡ್ಡ ಉಪಕಾರ.

ಗಣಕಕ್ಕೆ ಚುಚ್ಚುವ ತುದಿಯ ಕಥೆಯೂ ಇದರೊಂದಿಗೆ ಸೇರಿದೆ. ಯುಎಸ್‌ಬಿಯನ್ನು ರೂಪಿಸಿದವರಲ್ಲಿ ಮುಖ್ಯರಾದ ಅಜಯ್ ಭಟ್ಟರು ವಡೋದರದಲ್ಲಿ ಓದಿ ಅಮೆರಿಕದ ಇಂಟೆಲ್ ಸಂಸ್ಥೆಯನ್ನು ಸೇರಿದವರು. ೧೯೯೬ರಲ್ಲಿ ಬಂದ ಅದರ ತುದಿಯನ್ನು ಒಂದೇ ಕಡೆಯಿಂದ ತೂರಿಸಬೇಕು. ಎರಡು ಕಡೆಯಿಂದಲೂ ಹೋಗುವಂತೆ ಮಾಡಿದ್ದರೆ ತಂತಿಯೂ ಖರ್ಚೂ ಹೆಚ್ಚಾಗುತ್ತಿತ್ತೆಂದು ಅವರೇ ಮುಂದೆ ಹೇಳಿದ್ದಾರೆ. ಜನರು ಹದಿನೆಂಟು ವರ್ಷ ತಿರುಗಿಸಿ ತಿರುಗಿಸಿ ಚುಚ್ಚಿದ ಮೇಲೆ, ೨೦೧೪ರಲ್ಲಿ, ಹೇಗೆ ಹಿಡಿದರೂ ಹೋಗುವ ಸಿ ಮಾದರಿ ಸಿದ್ಧವಾಯಿತು. ಅನುಕೂಲವು ಕೆಲವು ಕಾಸಿನ ಉಳಿತಾಯಕ್ಕಾಗಿ ಎಷ್ಟೋ ವರ್ಷ ಹಿಂದೆ ಉಳಿಯುತ್ತದೆ. ಒಮ್ಮೊಮ್ಮೆ ಇದ್ದ ಅನುಕೂಲವೂ ಹೋಗುವುದುಂಟು. ಆಪಲ್ ಕಂಪನಿಯವರು ೨೦೧೬ರಲ್ಲಿ ತಮ್ಮ ಮ್ಯಾಕ್‌ಬುಕ್ ಪ್ರೊ ಗಣಕದಿಂದ ಎಸ್‌ಡಿ ಕಂಡಿಯನ್ನು ತೆಗೆದುಹಾಕಿದರು. ೨೦೨೧ರಲ್ಲಿ ಮರಳಿ ಇಟ್ಟರು.

ರೀಡರೇ ಬೇಡವೆಂದವರೂ ಇದ್ದರು. ಸ್ಯಾನ್‌ಡಿಸ್ಕ್‌ನವರು ೨೦೦೫ರಲ್ಲಿ ಮಡಿಸುವ ಎಸ್‌ಡಿ ಕಾರ್ಡನ್ನು ತಂದರು. ಅರ್ಧವನ್ನು ಮಡಿಸಿದರೆ ಒಳಗಿನಿಂದ ಯುಎಸ್‌ಬಿ ತುದಿ ಹೊರಬರುತ್ತದೆ. ಅದನ್ನೇ ಗಣಕಕ್ಕೆ ಚುಚ್ಚಿದರಾಯಿತು. ನಮ್ಮ ದೃಷ್ಟಿಯಲ್ಲಿ ಇಷ್ಟು ಚೆಲುವಾದ ಉಪಾಯ ಮತ್ತೊಂದಿಲ್ಲ. ಆದರೂ ಅದು ಮನೆಮನೆಗೆ ಬರಲಿಲ್ಲ.

ನಮ್ಮ ಕನ್ನಡ ನಾಡಿನಲ್ಲಿಯೇ ಕಾರ್ಡ್ ರೀಡರನ್ನು ಹೃದಯಸ್ಥಾನದಲ್ಲಿಟ್ಟು ರಚಿಸಿದ ಗಣಕವೊಂದಿತ್ತೆಂಬುದನ್ನು ಹೊರನಾಡಿನ ಮಕ್ಕಳು ತಿಳಿದಿರಬೇಕು. ಅದೇ ಸಿಂಪ್ಯೂಟರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಮೊದಲಾದ ಅಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೂ ಸೇರಿ ೧೯೯೯ರಲ್ಲಿ ಒಂದು ಟ್ರಸ್ಟನ್ನು ಕಟ್ಟಿ, ೨೦೦೧ರ ಏಪ್ರಿಲಿನಲ್ಲಿ ಅಂಗೈ ಗಾತ್ರದ ಆ ಯಂತ್ರವನ್ನು ಲೋಕಕ್ಕೆ ತೋರಿಸಿದರು. ಅವರ ಆಲೋಚನೆ ಹೀಗಿತ್ತು: ಹಳ್ಳಿಯಲ್ಲಿ ಪ್ರತಿಯೊಬ್ಬನೂ ಗಣಕವನ್ನು ಕೊಳ್ಳಲಾರನು. ಆದರೆ ಒಂದು ಯಂತ್ರವನ್ನು ಊರೆಲ್ಲ ಹಂಚಿಕೊಂಡು, ತನ್ನತನ್ನ ವಿಷಯವನ್ನು ಮಾತ್ರ ತನ್ನ ಜೇಬಿನ ಸ್ಮಾರ್ಟ್ ಕಾರ್ಡಿನಲ್ಲಿ ಇಟ್ಟುಕೊಳ್ಳಬಹುದು. ಕಾರ್ಡು ತೂರಿಸಿದರೆ ಯಂತ್ರ ನಿಮ್ಮದು, ತೆಗೆದರೆ ಮುಂದಿನವರದು. ಬ್ಯಾಂಕಿನ ಕಾರ್ಡಿನಲ್ಲಿ ಕಾಣುವ ಚಿನ್ನದ ಬಣ್ಣದ ಚಿಪ್ಪಿನ ಜಾತಿಯದು ಅದು; ಮೆಮೊರಿ ಕಾರ್ಡಿಗಿಂತ ಹಿಡಿಯುವುದು ಕಡಿಮೆ, ಗುಟ್ಟು ಕಾಯುವುದು ಹೆಚ್ಚು. ಓದುಬರಹ ಬಾರದವರಿಗಾಗಿ ಅದು ಕನ್ನಡದಲ್ಲಿ ಮಾತನಾಡಬಲ್ಲುದಾಗಿತ್ತು. ೨೦೦೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ತಯಾರಿಸಿದ ಅಮಿಡ ಎಂಬ ರೂಪದ ಆರಂಭದ ಬೆಲೆ ಹತ್ತು ಸಾವಿರ ರೂಪಾಯಿಗೆ ಸ್ವಲ್ಪ ಕಡಿಮೆ. ಎಣಿಸಿದಷ್ಟು ಮಾರಾಟವಾಗಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗಿ ಹಳ್ಳಿಗೆ ನುಗ್ಗಿತು. ಸೋತ ಯಂತ್ರವೆಂದು ಕೆಲವರು ನಗುತ್ತಾರೆ, ನಾವು ನಗಲಾರೆವು. ಉಪಯೋಗಿಸುವವನು ಯಾರು ಎಂಬ ಪ್ರಶ್ನೆಯನ್ನು ಮೊದಲಿಟ್ಟು ಆಮೇಲೆ ತಂತಿಯನ್ನು ಜೋಡಿಸಲು ಕುಳಿತವರು ಅವರು.

ಅದೇ ಪ್ರಶ್ನೆಯನ್ನು ನಮ್ಮ ಪುಟ್ಟ ಪೆಟ್ಟಿಗೆಗೂ ಕೇಳೋಣ. ಮೊದಲನೆಯದಾಗಿ ಅದಕ್ಕೆ ತೂಕವಿರಬೇಕು. ಈಗಿನವು ಎಷ್ಟು ಹಗುರವೆಂದರೆ ಕಾರ್ಡನ್ನು ಎಳೆದರೆ ಪೆಟ್ಟಿಗೆಯೂ ಜೊತೆಯಲ್ಲಿಯೇ ಬರುತ್ತದೆ. ಕಂಡಿಯು ಮೇಲ್ಮುಖವಾಗಿದ್ದು, ಅದರ ಬಾಯಿ ಲಾಳಿಕೆಯಂತೆ ಅಗಲವಾಗಿರಬೇಕು. ಕಾರ್ಡು ತಾನಾಗಿಯೇ ಜಾರಿ ಸರಿಯಾದ ಜಾಗಕ್ಕೆ ಇಳಿಯಬೇಕು. ಓರೆ ಮೂಲೆಯ ಗುರುತು ಬಿಳಿಯ ಬಣ್ಣದಲ್ಲಿ, ದಪ್ಪಗೆ ಇರಬೇಕು. ಸುತ್ತಮುತ್ತ ಬೇರೆ ಸಂದಿಯೇ ಇರಕೂಡದು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕಾರ್ಡಿನಲ್ಲಿ ಚಿತ್ರಗಳಿರುವುದು ಒಂದು ಕಡೆ, ಯಾವ ಚಿತ್ರ ಎಲ್ಲಿದೆ ಎಂಬ ಪಟ್ಟಿ ಇನ್ನೊಂದು ಕಡೆ. ನಮ್ಮ ಕಛೇರಿಯ ಕಡತಗಳು ಬೀರುವಿನಲ್ಲಿ, ಅವುಗಳ ವಿವರ ರಿಜಿಸ್ಟರಿನಲ್ಲಿ ಇರುವಂತೆ. ರಿಜಿಸ್ಟರು ಬರೆಯುತ್ತಿರುವಾಗ ಯಾರಾದರೂ ಅದನ್ನು ಕಿತ್ತುಕೊಂಡರೆ ಕಡತಗಳು ಬೀರುವಿನಲ್ಲಿದ್ದರೂ ಇಲ್ಲದಂತೆಯೇ. ಬರೆಯುವ ನಡುವೆ ಕಾರ್ಡನ್ನು ಎಳೆದಾಗ ಆಗಬಹುದಾದದ್ದು ಇದೇ. ಆಗ ಗಣಕವು, ಕಾರ್ಡನ್ನು ಫಾರ್ಮ್ಯಾಟ್ ಮಾಡಲೇ ಎಂದು ಇಂಗ್ಲಿಷಿನಲ್ಲಿ ಕೇಳುತ್ತದೆ. ಅರ್ಥವಾಗದೆ ಹೌದೆಂದು ಒತ್ತಿದವರು ಎಷ್ಟೋ ಮಂದಿ. ಒತ್ತಬಾರದು. ಆ ಕಾರ್ಡಿಗೆ ಮತ್ತೇನನ್ನೂ ಬರೆಯದೆ ತೆಗೆದಿಟ್ಟರೆ, ಬೀರುವಿನೊಳಗಿನ ಕಡತಗಳನ್ನು ಒಂದೊಂದಾಗಿ ಹುಡುಕಿ ತೆಗೆಯುವ ತಂತ್ರಾಂಶಗಳಿವೆ. ಬಹಳ ಸಲ ಚಿತ್ರಗಳು ಮರಳಿ ಬರುತ್ತವೆ.

ಎಸ್‌ಡಿ ಕಾರ್ಡಿನ ಪಕ್ಕದಲ್ಲಿರುವ ಸಣ್ಣ ಜಾರುಗುಂಡಿ ಈ ಅಪಾಯವನ್ನು ತಡೆಯುತ್ತದೆಂದು ಹಲವರು ನಂಬಿದ್ದಾರೆ. ಆ ಗುಂಡಿಗೂ ಕಾರ್ಡಿನೊಳಗಿನ ಚಿಪ್ಪಿಗೂ ಸಂಬಂಧವೇ ಇಲ್ಲ! ಗುಂಡಿ ಎಲ್ಲಿದೆ ಎಂದು ನೋಡುವುದು ರೀಡರು. ಅದು ನೋಡದಿದ್ದರೆ ತಡೆಯೂ ಇಲ್ಲ. ಮೈಕ್ರೊ ಎಸ್‌ಡಿಗಂತೂ ಗುಂಡಿಯೇ ಇಲ್ಲ. ಆದುದರಿಂದ ಪೆಟ್ಟಿಗೆಯಲ್ಲಿಯೇ ಒಂದು ಗಟ್ಟಿಯಾದ ಬಿರಡೆಯಿರಬೇಕೆಂದು ನಮ್ಮ ಅಭಿಪ್ರಾಯ. ಒಂದು ಕಡೆಗೆ ತಿರುಗಿಸಿದರೆ ‘ಓದು’, ಇನ್ನೊಂದು ಕಡೆಗೆ ‘ಬರೆ’. ಸಾಮಾನ್ಯವಾಗಿ ಅದು ‘ಓದು’ ಎಂಬಲ್ಲಿಯೇ ನಿಂತಿರಬೇಕು. ಬರೆಯುವುದನ್ನು ತಡೆಯುವ ಇಂಥ ಉಪಕರಣಗಳು ಅಪರಾಧ ತನಿಖೆಯವರ ಬಳಿ ಇವೆ; ಗೃಹಸ್ಥರಿಗೆ ಎಟುಕುವ ಬೆಲೆಯಲ್ಲಿ ಇಲ್ಲ, ಅಷ್ಟೆ. ಅಜ್ಜನ ಧ್ವನಿಗೆ ಅಪರಾಧಿಯ ಫೋನಿಗಿರುವಷ್ಟು ಬೆಲೆಯಿಲ್ಲವೆ?

ತೂಕ ಮತ್ತು ಲಾಳಿಕೆಯ ಮಟ್ಟಿಗೆ ನಾವು ಕೆಲವರು ಸೇರಿ ಒಂದು ಪ್ರಯತ್ನ ಮಾಡಿದ್ದೇವೆ. ಅಂಗಡಿಯ ಸಾಧಾರಣ ರೀಡರೊಂದನ್ನು, ಬಡಗಿಯಿಂದ ಮಾಡಿಸಿದ ತೇಗದ ದಿಮ್ಮಿಯೊಳಗೆ ನೆಟ್ಟಗೆ ಕೂರಿಸಿ, ಬಾಯಿಗೆ ಓರೆ ಹೊಡೆಸಿ, ಮೂಲೆಯ ಗುರುತನ್ನು ಬಿಳಿಯ ಬಣ್ಣದಲ್ಲಿ ಬರೆಸಲಾಗಿದೆ. ಮೈಕ್ರೊ ಎಸ್‌ಡಿಯನ್ನು ದೊಡ್ಡ ಕಾರ್ಡಿನ ಕವಚದೊಳಗಿಟ್ಟೇ ಹಾಕಬೇಕು. ಹಾಗಾಗಿ ಬೀಳುವ ಭಯವಿಲ್ಲ. ಮೇಲೆ ಹೇಳಿದ ತಾಯಿಯವರು ಯಾರ ಸಹಾಯವೂ ಇಲ್ಲದೆ ತಮ್ಮ ಕಾರ್ಡನ್ನು ಅದಕ್ಕೆ ಹಾಕಿ, ಕಥೆಗಳನ್ನು ಕೇಳಿ, ಎರಡು ಪ್ರತಿಗಳನ್ನು ಮಾಡಿಸಿಕೊಂಡರು. ದಿಮ್ಮಿಯನ್ನು ಸದಸ್ಯರ ಮನೆಗಳಿಗೆ ಸರದಿಯ ಮೇಲೆ ಕಳುಹಿಸಿಕೊಡುತ್ತೇವೆ. ಎಕ್ಸ್‌ಡಿ ಮತ್ತು ಸ್ಮಾರ್ಟ್ ಮೀಡಿಯ ಕಾರ್ಡುಗಳನ್ನು ಮಾತ್ರ ಅದು ಓದಲಾರದು. ಅವನ್ನು ಓದುವ ಹಳೆಯ ಪೆಟ್ಟಿಗೆ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ, ಕೆಟ್ಟಿದೆಯೆಂದು ಎಸೆಯದೆ, ಸಂಘದ ಕಾರ್ಯಾಲಯಕ್ಕೆ ತಲಪಿಸಬೇಕಾಗಿ ಕೋರುತ್ತೇವೆ.